ಒಂದೇ ಖರ್ಚು, ಬೇರೆ ಬೇರೆ ಬೆಲೆ

ರಿಚರ್ಡ್ ಗಾರ್ಫೀಲ್ಡ್ ರೂಪಿಸಿ 1993ರಲ್ಲಿ ಹೊರಬಂದ 'ಮ್ಯಾಜಿಕ್: ದಿ ಗ್ಯಾದರಿಂಗ್' ಆಟದ ಮೊದಲ ಕಂತಿನಲ್ಲೇ ಐದು ಕಾರ್ಡುಗಳ ಒಂದು ಗುಂಪಿತ್ತು. ಐದಕ್ಕೂ ಖರ್ಚು ಒಂದೇ ಮಾನಾ, ಅಂದರೆ ಆಟದೊಳಗಿನ ಶಕ್ತಿ. ಫಲವೆಲ್ಲ ಮೂರರ ಲೆಕ್ಕದ್ದು. 'ಲೈಟ್ನಿಂಗ್ ಬೋಲ್ಟ್' ಮೂರು ಅಂಕದ ಪೆಟ್ಟು ಕೊಡುತ್ತದೆ. 'ಹೀಲಿಂಗ್ ಸಾಲ್ವ್' ಮೂರು ಅಂಕ ಜೀವ ತುಂಬುತ್ತದೆ, ಇಲ್ಲವೇ ಅಷ್ಟೇ ಪೆಟ್ಟು ತಡೆಯುತ್ತದೆ. 'ಆನ್ಸೆಸ್ಟ್ರಲ್ ರೀಕಾಲ್' ಮೂರು ಹೊಸ ಕಾರ್ಡು ಕೈಗಿಡುತ್ತದೆ. ಓದಲು ಸರಿಸಮ, ಆಡಲು ಅಜಗಜಾಂತರ.

ಒಂದು ಕಾರ್ಡು ಕೊಟ್ಟು ಮೂರು ಪಡೆದವನಿಗೆ ನಿವ್ವಳ ಎರಡರ ಲಾಭ. 'ವಿಂಟೇಜ್' ಎಂಬ ಆಟದ ಮಾದರಿಯಲ್ಲಿ ಒಂದು ಕಟ್ಟಿನಲ್ಲಿ 'ರೀಕಾಲ್' ಒಂದಕ್ಕಿಂತ ಹೆಚ್ಚು ಇಡುವಂತಿಲ್ಲ ಎಂಬ ನಿಯಮ ಹುಟ್ಟಿದ್ದೇ ಈ ಬಲದಿಂದ. 'ಬೋಲ್ಟ್' ಎದುರಾಳಿಯ ಒಂದು ಜೀವಿಯನ್ನು ಕೊಂದರೆ ಕಾರ್ಡಿಗೆ ಕಾರ್ಡು ಸಾಟಿ. ಆಟದ ಕೊನೆಯಲ್ಲಿ ಅದೇ ಗೆಲುವಿನ ಪೆಟ್ಟೂ ಆದೀತು. 'ಸಾಲ್ವ್' ಜೀವ ತುಂಬಿದರೂ ಎರಗುತ್ತಿರುವ ಜೀವಿ ಅಲ್ಲೇ ಉಳಿಯುತ್ತದೆ, ಮುಂದಿನ ಸರದಿಯಲ್ಲಿ ಮತ್ತೆ ಎರಗುತ್ತದೆ. ಕೈಯ ಕಾರ್ಡು ಮಾತ್ರ ಹೋಯಿತು.

ಖರ್ಚಿನ ಅರ್ಥ ಕಾಲವೂ ಹೌದು. ಮಾನಾ ಕೊಡುವ ಭೂಮಿ ಕಾರ್ಡನ್ನು ಸರದಿಗೆ ಒಂದೇ ಇಳಿಸಬಹುದಾದ್ದರಿಂದ, ಬೇರೆ ಆಸರೆಯಿಲ್ಲದೆ ಆರು ಮಾನಾದ ಕಾರ್ಡು ಆರನೆಯ ಸರದಿಯವರೆಗೂ ಕೈಯಲ್ಲೇ ಕೂರುತ್ತದೆ. ಎಷ್ಟು ಭವ್ಯವಾದರೂ ಅಲ್ಲಿಯವರೆಗೆ ಅದು ಹೊರೆಯೇ. ಬೆಲೆ ಎದುರಾಳಿಯನ್ನೂ ಅವಲಂಬಿಸುತ್ತದೆ: ಕೆಲವು ಕಾರ್ಡುಗಳು ನಿರ್ದಿಷ್ಟ ಎದುರಾಳಿಯ ಮುಂದೆ ಮಾತ್ರ ಫಲಿಸುತ್ತವೆ. ಅಂಥವಕ್ಕೆ 60 ಕಾರ್ಡಿನ ಮುಖ್ಯ ಕಟ್ಟಿಗಿಂತ 15ರ ಮೀಸಲು ಕಟ್ಟೇ ತಕ್ಕ ಜಾಗ.