ಪ್ರಾಸ್ಟೇಟ್ ಗ್ರಂಥಿ: ಸ್ಥಾನ, ಕಾರ್ಯ ಮತ್ತು ಸಾಮಾನ್ಯ ತೊಂದರೆಗಳು

ಪ್ರೌಢಶಾಲೆಯ ಜೀವವಿಜ್ಞಾನದಲ್ಲಿ ಪ್ರಾಸ್ಟೇಟ್ ಗ್ರಂಥಿಯ ಪ್ರಸ್ತಾಪವು ಸಂತಾನೋತ್ಪತ್ತಿಯ ಪಾಠದಲ್ಲಿ ಒಂದೆರಡು ವಾಕ್ಯಗಳಲ್ಲಿ ಮುಗಿಯುತ್ತದೆ. ಆದರೆ ಮನೆಯ ಹಿರಿಯರಲ್ಲಿ ಈ ಗ್ರಂಥಿಯ ತೊಂದರೆ ಸಾಮಾನ್ಯವಾಗಿ ಕಾಣಿಸಿಕೊಳ್ಳುವುದು ಮೂತ್ರವಿಸರ್ಜನೆಯಲ್ಲಿ. ಇದೇಕೆ ಎಂಬ ಪ್ರಶ್ನೆಗೆ ಉತ್ತರ ಗ್ರಂಥಿಯ ಸ್ಥಾನದಲ್ಲಿದೆ.

ಸ್ಥಾನ

ಪುರುಷರಲ್ಲಿ ಈ ಗ್ರಂಥಿಯು ಮೂತ್ರಕೋಶದ ಕೆಳಗೆ, ಗುದನಾಳದ ಮುಂದೆ ಇರುತ್ತದೆ. ಯುವಕರಲ್ಲಿ ಇದರ ಗಾತ್ರ ಒಂದು ಅಕ್ರೋಟಿನಷ್ಟು. ತೂಕ ಸುಮಾರು 20 ಗ್ರಾಂ. ಮೂತ್ರಕೋಶದಿಂದ ಹೊರಡುವ ಮೂತ್ರವಿಸರ್ಜನಾ ನಾಳವು, ಮಣಿಯೊಳಗೆ ದಾರ ಹಾದಂತೆ, ಈ ಗ್ರಂಥಿಯ ನಡುವೆಯೇ ಹಾದುಹೋಗುತ್ತದೆ. ಮೂತ್ರಪಿಂಡಗಳಿಂದ ಮೂತ್ರಕೋಶಕ್ಕೆ ಇಳಿಯುವ ಎರಡು ಮೂತ್ರನಾಳಗಳು ಬೇರೆ. ಚಿತ್ರ ಬಿಡಿಸುವಾಗ ವಿದ್ಯಾರ್ಥಿಗಳು ಇವನ್ನು ಒಂದೆಂದು ಭಾವಿಸದಂತೆ ನೋಡಿಕೊಳ್ಳಬೇಕು.

ಕಾರ್ಯ

ವೀರ್ಯದ್ರವದ ಸುಮಾರು ಕಾಲುಭಾಗ ಈ ಗ್ರಂಥಿಯಿಂದ ಬರುತ್ತದೆ. ಹೆಚ್ಚಿನ ಪಾಲು ವೀರ್ಯಕೋಶಿಕೆಗಳದು. ಇದರ ಸ್ರಾವದಲ್ಲಿ ಸತು, ಸಿಟ್ರಿಕ್ ಆಮ್ಲ ಮತ್ತು ಕಿಣ್ವಗಳಿವೆ. ಪಿ.ಎಸ್.ಎ. ಎಂಬ ಕಿಣ್ವವು ವೀರ್ಯವನ್ನು ತೆಳುಗೊಳಿಸಿ ವೀರ್ಯಾಣುಗಳ ಚಲನೆಯನ್ನು ಸುಗಮಗೊಳಿಸುತ್ತದೆ. ಗ್ರಂಥಿಯ ಬೆಳವಣಿಗೆ ಟೆಸ್ಟೋಸ್ಟೆರಾನ್ ಹಾರ್ಮೋನನ್ನು ಅವಲಂಬಿಸಿದೆ.

ಸಾಮಾನ್ಯ ತೊಂದರೆಗಳು

1. ಗ್ರಂಥಿಯ ಊತ: ವಯಸ್ಸಾದಂತೆ ನಾಳವನ್ನು ಸುತ್ತುವರಿದ ಒಳಭಾಗ ಬೆಳೆಯುತ್ತದೆ, ನಾಳ ಕಿರಿದಾಗುತ್ತದೆ. ಮೂತ್ರದ ಧಾರೆ ಕ್ಷೀಣಿಸುವುದು, ಆರಂಭವಾಗಲು ಕಾಯಬೇಕಾಗುವುದು, ರಾತ್ರಿ ಹಲವು ಬಾರಿ ಏಳುವುದು, ಪೂರ್ತಿ ಹೋಗಿಲ್ಲವೆನಿಸುವುದು ಇದರ ಲಕ್ಷಣಗಳು. ಇದು ಕ್ಯಾನ್ಸರ್ ಅಲ್ಲ, ಕ್ಯಾನ್ಸರಾಗಿ ಮಾರ್ಪಡುವುದೂ ಇಲ್ಲ. ಆದರೆ ಮೂತ್ರ ಒಳಗೇ ಉಳಿದರೆ ಸೋಂಕು, ಕಲ್ಲು, ಕೊನೆಗೆ ಮೂತ್ರಪಿಂಡಗಳಿಗೆ ಹಾನಿ ಉಂಟಾಗಬಹುದು. ಮಾತ್ರೆಗಳಿಂದ ಅನೇಕರಿಗೆ ಗುಣ ಕಾಣುತ್ತದೆ. ಸಾಲದಿದ್ದರೆ ಮೂತ್ರಮಾರ್ಗದ ಮೂಲಕವೇ ಉಪಕರಣ ಸೇರಿಸಿ ಅಡ್ಡಿಯಾದ ಭಾಗವನ್ನು ತೆಗೆಯುತ್ತಾರೆ. ಮೂತ್ರ ಸಂಪೂರ್ಣವಾಗಿ ಕಟ್ಟಿದರೆ ಅದು ತುರ್ತುಸ್ಥಿತಿ. ಕೂಡಲೇ ಆಸ್ಪತ್ರೆಗೆ ಹೋಗಬೇಕು.

2. ಉರಿಯೂತ: ಇದು ಯುವಕರಲ್ಲಿಯೂ ಮಧ್ಯವಯಸ್ಕರಲ್ಲಿಯೂ ಕಂಡುಬರುತ್ತದೆ. ಬ್ಯಾಕ್ಟೀರಿಯಾ ಸೋಂಕಿನಿಂದಾದ ತೀವ್ರ ಉರಿಯೂತದಲ್ಲಿ ಚಳಿಜ್ವರ, ಕೆಳಹೊಟ್ಟೆಯ ನೋವು, ಉರಿಮೂತ್ರ ಇರುತ್ತವೆ. ವೈದ್ಯರು ಸೂಚಿಸಿದ ಪ್ರತಿಜೈವಿಕ ಔಷಧವನ್ನು ಪೂರ್ಣ ಅವಧಿಯವರೆಗೆ ಸೇವಿಸಬೇಕು.

3. ಕ್ಯಾನ್ಸರ್: ಇದು ಬಹುಮಟ್ಟಿಗೆ ನಾಳದಿಂದ ದೂರದ ಹೊರಭಾಗದಲ್ಲಿ ಆರಂಭವಾಗುತ್ತದೆ. ಆದ್ದರಿಂದ ಮೊದಮೊದಲು ಯಾವ ಲಕ್ಷಣವೂ ತೋರದಿರಬಹುದು. ಮುಂದೆ ಎಲುಬುಗಳಿಗೆ ಹರಡಿದಾಗ ಬೆನ್ನುನೋವು ಬರಬಹುದು. ರಕ್ತದಲ್ಲಿ ಪಿ.ಎಸ್.ಎ. ಹೆಚ್ಚಿದ ಮಾತ್ರಕ್ಕೆ ಕ್ಯಾನ್ಸರೆಂದು ತೀರ್ಮಾನಿಸಲಾಗದು. ಊತ ಮತ್ತು ಸೋಂಕಿನಲ್ಲಿಯೂ ಅದು ಹೆಚ್ಚುತ್ತದೆ. ಅಂಗಾಂಶದ ತುಣುಕನ್ನು ಪರೀಕ್ಷಿಸಿಯೇ ಖಚಿತಪಡಿಸುತ್ತಾರೆ. ಟೆಸ್ಟೋಸ್ಟೆರಾನ್ ತಗ್ಗಿಸಿದರೆ ಈ ಕ್ಯಾನ್ಸರ್ ಹಿಮ್ಮೆಟ್ಟುತ್ತದೆಂದು ತೋರಿಸಿಕೊಟ್ಟ ಚಾರ್ಲ್ಸ್ ಹಗಿನ್ಸ್ ಅವರಿಗೆ 1966ರಲ್ಲಿ ನೊಬೆಲ್ ಪ್ರಶಸ್ತಿ ದೊರೆಯಿತು.

ಮೌನದ ಅಪಾಯ

'ವಯಸ್ಸಾದ ಮೇಲೆ ಇದೆಲ್ಲ ಇದ್ದದ್ದೇ' ಎಂದು ಹಿರಿಯರು ಸುಮ್ಮನಾಗುತ್ತಾರೆ. ಸಂಕೋಚದಿಂದ ಮಡದಿ ಮಕ್ಕಳಿಗೂ ಹೇಳುವುದಿಲ್ಲ. ಗಡಿನಾಡಿನಲ್ಲಿ ವೈದ್ಯರ ಭಾಷೆ ಬೇರೆಯಾದರೆ ಸಂಕೋಚ ಇಮ್ಮಡಿಯಾಗುತ್ತದೆ. ಎರಡು ಮೂರು ದಿನ ಹಗಲೆಷ್ಟು ಬಾರಿ, ರಾತ್ರಿಯೆಷ್ಟು ಬಾರಿ ಮೂತ್ರಕ್ಕೆ ಹೋದರೆಂದು ಬರೆದ ಚೀಟಿಯನ್ನು ಒಯ್ದರೆ ಅರ್ಧ ಮಾತು ಉಳಿಯುತ್ತದೆ. ಮಧುಮೇಹದಲ್ಲಿಯೂ ಪದೇಪದೇ ಮೂತ್ರ ಬರುವುದರಿಂದ ಕಾರಣವನ್ನು ಊಹಿಸದೆ ಪರೀಕ್ಷಿಸಿಕೊಳ್ಳುವುದು ಒಳಿತು. ಮೂತ್ರದಲ್ಲಿ ರಕ್ತ ಕಂಡರಂತೂ ತಡಮಾಡಬಾರದು.

ಶಿಕ್ಷಕರು ಈ ಪದಗಳನ್ನು ತರಗತಿಯಲ್ಲಿ ತಗ್ಗಿದ ದನಿಯಲ್ಲಿ ಉಚ್ಚರಿಸದೆ, ಹೃದಯ, ಶ್ವಾಸಕೋಶಗಳೆಂದಷ್ಟೇ ಸಹಜವಾಗಿ ಹೇಳಬೇಕು. ಆ ಸಹಜತೆಯನ್ನು ಕಲಿತ ವಿದ್ಯಾರ್ಥಿಯು ಮುಂದೆ ತನ್ನ ತೊಂದರೆಯನ್ನು ಹೇಳಿಕೊಳ್ಳಲು ಹಿಂಜರಿಯನು.

ಚರ್ಚೆಗೆ

1. ಗ್ರಂಥಿಯ ಊತ ಬೇಗ ಲಕ್ಷಣ ತೋರುವುದಕ್ಕೂ ಕ್ಯಾನ್ಸರ್ ತಡವಾಗಿ ತೋರುವುದಕ್ಕೂ ಕಾರಣವೇನು? ಚಿತ್ರದ ನೆರವಿನಿಂದ ವಿವರಿಸಿ.
2. ಮೂತ್ರನಾಳಕ್ಕೂ ಮೂತ್ರವಿಸರ್ಜನಾ ನಾಳಕ್ಕೂ ಇರುವ ವ್ಯತ್ಯಾಸವನ್ನು ತಿಳಿಸಿ.