ಒಂದೇ ಫಾರಂ, ಎರಡು ಬಟನ್

ಪ್ರಶ್ನೆ: ಜಾಂಗೊದಲ್ಲಿ ಒಂದೇ ಫಾರಂಗೆ ‘ಉಳಿಸು’, ‘ಅಳಿಸು’ ಎಂಬ ಎರಡು ಬಟನ್ ಇಟ್ಟಿದ್ದೇನೆ. ಯಾವುದನ್ನು ಒತ್ತಿದರೆಂದು ಪೈಥಾನ್‌ಗೆ ಹೇಗೆ ಗೊತ್ತಾಗುತ್ತದೆ?

ಉತ್ತರ: ಅದನ್ನು ತಿಳಿಸುವುದು ಬ್ರೌಸರ್. ಫಾರಂ ಕಳಿಸುವಾಗ ತುಂಬಿದ ಖಾನೆಗಳ ಜೊತೆಗೆ, ಒತ್ತಿದ ಬಟನ್ನಿನ ನೇಮ್ ಮತ್ತು ವ್ಯಾಲ್ಯೂಗಳನ್ನೂ ಅದು ಸೇರಿಸುತ್ತದೆ; ಒತ್ತದ ಬಟನ್ನಿನ ಸುಳಿವೇ ಇರುವುದಿಲ್ಲ. ಹಾಗಾಗಿ ಎರಡಕ್ಕೂ ಬೇರೆ ಬೇರೆ ನೇಮ್ ಕೊಡಿ. ವ್ಯೂ ಒಳಗೆ, ರಿಕ್ವೆಸ್ಟ್‌ನ ಪೋಸ್ಟ್ ಎಂಬ ಡಿಕ್ಷನರಿಯಂಥ ಆಬ್ಜೆಕ್ಟ್‌ನಲ್ಲಿ ಆ ಹೆಸರು ಇದೆಯೇ ಎಂದು ‘ಇನ್’ ಬಳಸಿ ನೋಡಿದರಾಯಿತು. ಜಾಂಗೊದ ಅಡ್ಮಿನ್ ಪುಟದಲ್ಲಿರುವ ಉಳಿಸುವ ಬಟನ್‌ಗಳೂ ಹೀಗೇ ನಡೆಯುತ್ತವೆ. ವ್ಯಾಲ್ಯೂ ನೋಡಿ ತೀರ್ಮಾನಿಸುವುದು ನನಗೆ ಒಪ್ಪಿಗೆಯಿಲ್ಲ. ಇನ್‌ಪುಟ್ ಟ್ಯಾಗ್‌ನಲ್ಲಿ ಅದೇ ಪರದೆಯ ಮೇಲಿನ ಬರಹ. ನಾಳೆ ಪುಟವನ್ನು ಇಂಗ್ಲಿಷ್‌ಗೆ ತಿರುಗಿಸಿದರೆ ನಿಮ್ಮ ಹೋಲಿಕೆ ತಪ್ಪುತ್ತದೆ.

ಇನ್ನೊಂದು ವಿಷಯ ನೀವು ಕೇಳಿಲ್ಲ, ಆದರೆ ಹೇಳಲೇಬೇಕು. ಖಾನೆಯಲ್ಲಿ ಬರೆಯುತ್ತಾ ಎಂಟರ್ ಕೀ ಒತ್ತಿದರೆ, ಫಾರಂನ ಮೊದಲ ಸಬ್‌ಮಿಟ್ ಬಟನ್ ಒತ್ತಿದಂತೆಯೇ ಲೆಕ್ಕ. ಅಲ್ಲಿ ‘ಅಳಿಸು’ ಇದ್ದರೆ ಯಾರದೋ ದುಡಿಮೆ ಕ್ಷಣದಲ್ಲಿ ಮಾಯ! ಎಚ್‌ಟಿಎಂಎಲ್‌ನಲ್ಲಿ ‘ಉಳಿಸು’ ಮೊದಲು ಬರಲಿ. ಟೈಪ್ ಹೇಳದ ಬಟನ್ ಟ್ಯಾಗ್ ಕೂಡ ಸಬ್‌ಮಿಟ್ಟೇ. ಕೆಲಸ ಮುಗಿದೊಡನೆ ಬೇರೆ ಪುಟಕ್ಕೆ ರಿಡೈರೆಕ್ಟ್ ಮಾಡಿ. ಆಗ ರಿಫ್ರೆಶ್ ಮಾಡಿದರೂ ಅದೇ ಫಾರಂ ಮತ್ತೆ ಹೋಗುವುದಿಲ್ಲ.