ಬಂದೂಕಿಗಾಗಿ ತಂದೆಯ ಮೇಲೆ ದಾವೆ: ಇಥಿಯೋಪಿಯದ ವಲಸೆ ಲೇಖಕಿಯರು ಬರೆದದ್ದೇನು?

ಇಥಿಯೋಪಿಯ ಎಂದೊಡನೆ ನಮ್ಮಲ್ಲಿ ಬಹುತೇಕರಿಗೆ ನೆನಪಾಗುವುದು ಎರಡೇ ಸಂಗತಿಗಳು. ಒಂದು 1984ರ ಕ್ಷಾಮ, ಇನ್ನೊಂದು ಒಲಿಂಪಿಕ್ಸ್‌ನ ದೂರದ ಓಟಗಳಲ್ಲಿ ಪದಕ ಬಾಚಿಕೊಳ್ಳುವ ಅಲ್ಲಿನ ಓಟಗಾರರು. ಆದರೆ ಆ ದೇಶವನ್ನು ತೊರೆದ ಕುಟುಂಬಗಳ ಹೆಣ್ಣುಮಕ್ಕಳು ಕಳೆದ ಎರಡು ದಶಕಗಳಲ್ಲಿ ಇಂಗ್ಲಿಷ್ ಹಾಗೂ ಇಟಾಲಿಯನ್ ಭಾಷೆಗಳಲ್ಲಿ ಬರೆದ ಕೃತಿಗಳು ಬೇರೆಯೇ ಪ್ರಶ್ನೆಯನ್ನು ಕೇಳುತ್ತಿವೆ. ಮನೆಯ ಹೆಂಗಸರಿಗೆ ಗೊತ್ತಿದ್ದ ಚರಿತ್ರೆ ಪುಸ್ತಕಕ್ಕೆ ಏಕೆ ಬರಲಿಲ್ಲ ಎಂಬುದೇ ಆ ಪ್ರಶ್ನೆ.

ಈ ವಲಸೆಗೆ ಮೂಲ 1974ರ ಕ್ರಾಂತಿ. ಆ ವರ್ಷದ ಸೆಪ್ಟೆಂಬರಿನಲ್ಲಿ ಚಕ್ರವರ್ತಿ ಹೈಲೆ ಸೆಲಾಸಿಯನ್ನು ಪದಚ್ಯುತಗೊಳಿಸಿದ 'ಡರ್ಗ್' ಎಂಬ ಸೇನಾ ಮಂಡಳಿ 1991ರವರೆಗೆ ಆಳಿತು. 1977-78ರ 'ಕೆಂಪು ಭಯೋತ್ಪಾದನೆ'ಯಲ್ಲಿ ಸಾವಿರಾರು ಯುವಜನರು ಹತರಾದರು. ಓದು ಬಲ್ಲವರು, ಅಧಿಕಾರಿಗಳು, ಅಧ್ಯಾಪಕರು ಸಿಕ್ಕ ದಾರಿಯಲ್ಲಿ ಹೊರಟುಹೋದರು. 1975ರಲ್ಲಿ ಸೈನಿಕರ ಗುಂಡಿಗೆ ಸಿಕ್ಕಿ ನಡೆಯುವ ಶಕ್ತಿ ಕಳೆದುಕೊಂಡ ವಿದ್ವಾಂಸ ಗೆಟಾಚೆವ್ ಹೈಲೆ ಅವರಲ್ಲೊಬ್ಬರು. ಅವರ ಮಗಳು ರೆಬೆಕ್ಕಾ ಹೈಲೆ ಕಾಲು ಶತಮಾನದ ಬಳಿಕ ತವರಿಗೆ ಮರಳಿದ ಅನುಭವವನ್ನು 2007ರ 'ಹೆಲ್ಡ್ ಅಟ್ ಎ ಡಿಸ್ಟೆನ್ಸ್' ಕೃತಿಯಲ್ಲಿ ದಾಖಲಿಸಿದರು.

ಈ ಲೇಖಕಿಯರ ಪೈಕಿ ಹೆಚ್ಚು ಪ್ರಸಿದ್ಧರಾದವರು ಮಾಜಾ ಮೆಂಗಿಸ್ಟೆ. 1971ರಲ್ಲಿ ಅಡಿಸ್ ಅಬಾಬಾದಲ್ಲಿ ಹುಟ್ಟಿದ ಇವರು ನಾಲ್ಕನೆಯ ವಯಸ್ಸಿನಲ್ಲಿ ಕುಟುಂಬದೊಡನೆ ದೇಶ ಬಿಟ್ಟರು. ನೈಜೀರಿಯ, ಕೆನ್ಯಾಗಳನ್ನು ದಾಟಿ ಅಮೆರಿಕ ಸೇರಿದರು. 2010ರ ಮೊದಲ ಕಾದಂಬರಿ 'ಬಿನೀತ್ ದ ಲಯನ್ಸ್ ಗೇಜ್' ಕ್ರಾಂತಿಯ ಸುಳಿಗೆ ಸಿಕ್ಕ ವೈದ್ಯನೊಬ್ಬನ ಮನೆಯ ಕಥೆ. 2019ರಲ್ಲಿ ಬಂದ 'ದ ಶ್ಯಾಡೋ ಕಿಂಗ್' ಮರುವರ್ಷ ಬೂಕರ್ ಪ್ರಶಸ್ತಿಯ ಅಂತಿಮ ಪಟ್ಟಿಯಲ್ಲಿತ್ತು.

1935ರಲ್ಲಿ ಮುಸೊಲಿನಿಯ ಇಟಲಿ ಇಥಿಯೋಪಿಯದ ಮೇಲೆ ದಂಡೆತ್ತಿ ಬಂದಿತು. ವಿಷಾನಿಲವನ್ನೂ ಪ್ರಯೋಗಿಸಿ 1936ರ ಮೇ ತಿಂಗಳಲ್ಲಿ ರಾಜಧಾನಿಯನ್ನು ವಶಪಡಿಸಿಕೊಂಡಿತು. 1941ರವರೆಗೆ ನಡೆದ ಪ್ರತಿರೋಧದಲ್ಲಿ ಕೆಬೆದೆಚ್ ಸೆಯೂಮ್ ಅವರಂತಹ ಮಹಿಳೆಯರು ಪಡೆಗಳನ್ನೇ ಮುನ್ನಡೆಸಿದರು. ಆದರೂ ಜನಪ್ರಿಯ ನೆನಪಿನಲ್ಲಿ ಉಳಿದದ್ದು ಗಂಡಸರ ಶೌರ್ಯ ಮಾತ್ರ. 'ದ ಶ್ಯಾಡೋ ಕಿಂಗ್' ಕಾದಂಬರಿಯ ಹಿರುತ್ ಅನಾಥೆ, ಮನೆಗೆಲಸದವಳು. ತಂದೆ ಬಿಟ್ಟುಹೋದ ಹಳೆಯ ಬಂದೂಕೊಂದೇ ಅವಳ ಆಸ್ತಿ. ಅದನ್ನೂ ಯುದ್ಧದ ಹೆಸರಿನಲ್ಲಿ ಯಜಮಾನ ಕಿತ್ತುಕೊಳ್ಳುತ್ತಾನೆ.

ಸ್ವಾರಸ್ಯವೆಂದರೆ, ಈ ಕಾದಂಬರಿಯ ಬರವಣಿಗೆ ಬಹಳ ಮುಂದುವರಿದ ಮೇಲಷ್ಟೇ ಲೇಖಕಿಗೆ ತಮ್ಮ ಮುತ್ತಜ್ಜಿಯ ಕಥೆ ತಿಳಿಯಿತು! ಪ್ರತಿ ಕುಟುಂಬವೂ ಹಿರಿಯ ಮಗನನ್ನು ಯುದ್ಧಕ್ಕೆ ಕಳುಹಿಸಬೇಕೆಂದು ಚಕ್ರವರ್ತಿಯ ಆಜ್ಞೆಯಾದಾಗ, ಮನೆಯ ಹಿರಿಯ ಸಂತಾನವಾದ ತಾನೇ ಹೋಗುತ್ತೇನೆಂದು ಆಕೆ ಹಟ ಹಿಡಿದಳು. ತಂದೆ ಬಂದೂಕನ್ನು ಅಳಿಯನಿಗೆ ಕೊಡಲು ಹೊರಟಾಗ ತಂದೆಯ ಮೇಲೆಯೇ ದಾವೆ ಹೂಡಿ ಗೆದ್ದಳು. ಇದನ್ನು ಮೊದಲೇ ಏಕೆ ಹೇಳಲಿಲ್ಲ ಎಂದು ಮೆಂಗಿಸ್ಟೆ ವಿಚಾರಿಸಿದಾಗ, ನೀನು ಕೇಳಲೇ ಇಲ್ಲವಲ್ಲ ಎಂಬ ಅರ್ಥದ ಉತ್ತರ ತಾಯಿಯಿಂದ ಬಂತು. ಇಟಲಿಯ ದಾಖಲೆಗಳನ್ನೂ ಸೈನಿಕರು ತೆಗೆದ ಛಾಯಾಚಿತ್ರಗಳನ್ನೂ ವರ್ಷಗಟ್ಟಲೆ ಜಾಲಾಡಿದ್ದ ಲೇಖಕಿಗೆ ಬೇಕಾದದ್ದು ಸ್ವಂತ ಮನೆಯಲ್ಲೇ ಇತ್ತು.

ಹಾಗೆಂದು ಇದು ವೀರಗಾಥೆಯಲ್ಲ. ಹಿರುತ್‌ಳ ಮೇಲೆ ಅತ್ಯಾಚಾರ ಎಸಗುವವನು ಶತ್ರು ಸೈನಿಕನಲ್ಲ, ಸ್ವದೇಶದ ಪರ ಹೋರಾಡುವ ಸೇನಾನಾಯಕ. ಈ ಲೇಖಕರ ಮಟ್ಟಿಗೆ ಕಾದಂಬರಿಯ ನಿಜವಾದ ಧೈರ್ಯವಿರುವುದು ಇಲ್ಲಿ. ಬೂಕರ್ ಪಟ್ಟಿ ಪ್ರಕಟವಾದ ಎರಡು ತಿಂಗಳೊಳಗೆ, 2020ರ ನವೆಂಬರಿನಲ್ಲಿ, ಟಿಗ್ರೆ ಯುದ್ಧ ಆರಂಭವಾಯಿತು. ಸಂಘರ್ಷದ ಎಲ್ಲ ಪಕ್ಷಗಳೂ ಲೈಂಗಿಕ ಹಿಂಸೆ ಎಸಗಿವೆ ಎಂದು ವಿಶ್ವಸಂಸ್ಥೆ ಹಾಗೂ ಇಥಿಯೋಪಿಯದ ಮಾನವ ಹಕ್ಕುಗಳ ಆಯೋಗದ ಜಂಟಿ ತನಿಖಾ ವರದಿ 2021ರಲ್ಲಿ ಹೇಳಿತು.

ಇಟಲಿಯ ಕಡೆಯಿಂದ ಇದೇ ಗಾಯವನ್ನು ಮುಟ್ಟಿದವರು ಅಡಿಸ್ ಅಬಾಬಾದಲ್ಲಿ ಹುಟ್ಟಿ ಬೊಲೊನ್ಯಾದಲ್ಲಿ ನೆಲೆಸಿದ ಗಾಬ್ರಿಯೆಲ್ಲಾ ಗೆರ್ಮಾಂಡಿ. ಅವರ 2007ರ ಇಟಾಲಿಯನ್ ಕಾದಂಬರಿಯ ನಾಯಕಿ ಮಾಹ್ಲೆತ್ ಹಿರಿಯರ ಕಥೆಗಳನ್ನು ಒಟ್ಟುಗೂಡಿಸಿ ಇಟಾಲಿಯನ್ನರ ನಾಡಿಗೆ ಒಯ್ಯುವ ಹೊಣೆ ಹೊತ್ತವಳು. ವಿಷಾನಿಲ ಬಳಸಿದ್ದನ್ನು ಇಟಲಿ ಸರ್ಕಾರ ಅಧಿಕೃತವಾಗಿ ಒಪ್ಪಿಕೊಂಡದ್ದೇ 1996ರಲ್ಲಿ ಎಂಬುದನ್ನು ನೆನೆದರೆ ಆ ಹೊಣೆಯ ಭಾರ ಅರ್ಥವಾಗುತ್ತದೆ.

ಯುದ್ಧಭೂಮಿಗಿಂತ ಅಡುಗೆಮನೆಯ ಚರಿತ್ರೆಯೇ ಮುಖ್ಯವಾಗುವುದು ಐಡಾ ಎಡೆಮರಿಯಮ್ ಅವರ 'ದ ವೈಫ್ಸ್ ಟೇಲ್' (2018) ಕೃತಿಯಲ್ಲಿ. ತಂದೆ ಇಥಿಯೋಪಿಯದವರು, ತಾಯಿ ಕೆನಡಾದವರು. ಬ್ರಿಟನ್ನಿನಲ್ಲಿ ಪತ್ರಕರ್ತೆಯಾದ ಇವರು ಅಜ್ಜಿ ಯೆತೆಮೆನ್ಯು ಅಮ್ಹಾರಿಕ್ ಭಾಷೆಯಲ್ಲಿ ಹೇಳಿದ ನೆನಪುಗಳನ್ನು ವರ್ಷಗಳ ಕಾಲ ಧ್ವನಿಮುದ್ರಿಸಿಕೊಂಡು ಜೀವನಚರಿತ್ರೆ ಕಟ್ಟಿದರು. ಗೊಂಡಾರ್ ನಗರದ ಆ ಅಜ್ಜಿಗೆ ಎಂಟನೆಯ ವಯಸ್ಸಿಗೇ ಪಾದ್ರಿಯೊಬ್ಬರೊಡನೆ ವಿವಾಹವಾಗಿತ್ತು. ಪತಿ ಸೆರೆಮನೆ ಸೇರಿದಾಗ ಚಕ್ರವರ್ತಿಯವರೆಗೂ ಅಹವಾಲು ಒಯ್ದರೂ ಪತಿಯ ಜೀವ ಉಳಿಯಲಿಲ್ಲ. ಈ ಕೃತಿಗೆ 2019ರ ಒಂಡಾಟ್ಜಿ ಪ್ರಶಸ್ತಿ ಸಂದಿತು.

ಅಮ್ಹಾರಿಕ್ ಕಾವ್ಯದಲ್ಲಿ 'ಮೇಣ ಮತ್ತು ಚಿನ್ನ' ಎಂಬ ಪರಂಪರೆಯಿದೆ. ಮೇಲ್ಪದರದ ಅರ್ಥ ಮೇಣ, ಅದು ಕರಗಿದಾಗ ಸಿಗುವ ಗೂಢಾರ್ಥ ಚಿನ್ನ. ನಮ್ಮ ಶ್ಲೇಷೆಗೆ ಹತ್ತಿರದ ಈ ವಿದ್ಯೆ ಅಲ್ಲಿ ಕವಿಗಳಿಗಷ್ಟೇ ಸೀಮಿತವಲ್ಲ, ನೇರವಾಗಿ ಹೇಳಲಾಗದ್ದನ್ನು ಹೇಳುವ ದಿನನಿತ್ಯದ ಜಾಣ್ಮೆಯೂ ಹೌದು. ಅದನ್ನು ಇಂಗ್ಲಿಷಿಗೆ ತರುವುದು ಸುಲಭವಲ್ಲ. ಅಜ್ಜಿಯ ಮಾತಿನ ಲಯ ಉಳಿಸಲು ಎಡೆಮರಿಯಮ್ ಹಲವೆಡೆ ಪ್ರಾರ್ಥನೆಯ ಧಾಟಿಯನ್ನೇ ಆಶ್ರಯಿಸುತ್ತಾರೆ. ಯಾರ ಬದುಕಿನಿಂದ ಆ ಪುಸ್ತಕ ಹುಟ್ಟಿತೋ ಆ ಅಜ್ಜಿ ಸ್ವತಃ ಓದಲು ಕಲಿತದ್ದು ಇಳಿವಯಸ್ಸಿನಲ್ಲಿ, ಅದೂ ಅಮ್ಹಾರಿಕ್ ಮಾತ್ರ.